ನಮ್ಮೂರಿನ ಅವಳಿ ಗೋಪುರಗಳು

ಕಾಶೀ ರಾಮೇಶ್ವರಗಳನ್ನು ಕಂಡು ಬಂದ ಮನುಷ್ಯನು ತನ್ನ ಬೀದಿಯ ತುದಿಯಲ್ಲಿರುವ ಕಟ್ಟಡವನ್ನು ಒಳಹೊಕ್ಕು ನೋಡಿರುವುದಿಲ್ಲ. ಇದು ಲೋಕದಲ್ಲಿ ಎಲ್ಲೆಲ್ಲಿಯೂ ಕಾಣುವ ಸಂಗತಿ. ನಾನೂ ಇದಕ್ಕೆ ಹೊರತಾಗಿರಲಿಲ್ಲ. ಮೂವತ್ತು ವರ್ಷಕ್ಕೆ ಮೀರಿ ಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ, ರಜೆ ಬಂದಾಗಲೆಲ್ಲ ಹಳೇಬೀಡು, ಹಂಪೆ, ಬಾದಾಮಿ ಎಂದು ಮಕ್ಕಳನ್ನು ಕರೆದುಕೊಂಡು ಅಲೆದವನು ನಾನು. ಆದರೂ ಹುಟ್ಟಿ ಬೆಳೆದ ಮೈಸೂರಿನ ಮಂಡಿ ಮೊಹಲ್ಲಾಕ್ಕೆ ಗಂಟೆಯ ನಾದ ಕೇಳಿಸುವಷ್ಟು ಹತ್ತಿರದಲ್ಲಿ, ಅಶೋಕ ರಸ್ತೆಯಲ್ಲಿರುವ ಸಂತ ಫಿಲೋಮಿನಾ ದೇವಾಲಯದ ಹೊಸ್ತಿಲನ್ನು ಅರುವತ್ತು ತುಂಬುವವರೆಗೂ ತುಳಿದಿರಲಿಲ್ಲ. ಅದಕ್ಕೆ ಅಲಕ್ಷ್ಯದ ಜೊತೆಗೆ ಬೇರೊಂದು ಕಾರಣವೂ ಇತ್ತು. ಅದನ್ನು ಮರೆಮಾಚದೆ ಹೇಳಿದರೆ ಮಾತ್ರ ಈ ಬರಹಕ್ಕೆ ಅರ್ಥ ಬಂದೀತು.

ಮೊದಲು ನಮ್ಮ ಮೊಹಲ್ಲಾದ ಮಾತು. ಮೊಹಲ್ಲಾ ಎಂಬುದು ಅರಬ್ಬೀ ಮೂಲದ ಶಬ್ದ. ನೆರೆಯ ಲಷ್ಕರ್ ಮೊಹಲ್ಲಾದ ಲಷ್ಕರ್ ಎಂಬುದು ಪಾರಸಿಯಲ್ಲಿ ದಂಡಿನ ಹೆಸರು. ದವಸ ಬೆಲ್ಲಗಳ ಸಗಟು ವ್ಯಾಪಾರದ ಮಂಡಿಗಳಿಂದ ನಮ್ಮ ಕೇರಿಗೆ ಈ ಹೆಸರು ಬಂದಿತು. ನನ್ನ ತಂದೆಯವರು ಅಂಥದೊಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾವಿದ್ದುದು ಆರು ಮನೆಗಳ ಒಂದು ವಠಾರ. ಮುಂಜಾನೆ ಮಸೀದಿಯ ಬಾಂಗಿನಿಂದ ಎಚ್ಚರ. ಆಮೇಲೆ ನಮ್ಮ ತಂದೆಯವರ ಸಂಧ್ಯಾವಂದನೆ. ಬಳಿಕ ಹಮಾಲಿಗಳ ಕೂಗು, ಗಾಡಿಯೆತ್ತುಗಳ ಕೊರಳ ಗಂಟೆ, ಮೂಟೆಗಳಿಂದ ಏಳುವ ಧೂಳು, ಬೆಲ್ಲದ ಪಿಂಡಿಗಳ ಸುತ್ತ ಮುತ್ತುವ ಜೇನುನೊಣ. ಸಂಜೆ ಫಿಲೋಮಿನಾ ಚರ್ಚಿನ ಗಂಟೆ ಕೇಳಿದೊಡನೆಯೇ ನಮ್ಮ ಅಜ್ಜಿಯು ದೇವರ ಮುಂದೆ ದೀಪ ಹಚ್ಚುವಳು. ಗೋಡೆಯ ಗಡಿಯಾರವು ನಿಂತುಹೋದ ದಿನವೂ ನಮ್ಮ ಮನೆಯ ದೀಪ ತಡವಾಗಲಿಲ್ಲ. ಅನ್ಯಮತದ ಗಂಟೆಯಿಂದ ತನ್ನ ನಂದಾದೀಪಕ್ಕೆ ಮೈಲಿಗೆಯಾಯಿತೆಂದು ಆ ಮುದುಕಿಗೆ ಎಂದೂ ತೋರಲಿಲ್ಲ. ಹಾಗೆ ತೋರಿದ್ದು ನನಗೆ.

1980ರಲ್ಲಿ ಆರು ವರ್ಷದ ನನ್ನ ತಂಗಿಗೆ ವಿಷಮಜ್ವರ ಬಂದಿತು. ಇಪ್ಪತ್ತೊಂದು ದಿನ ಜ್ವರ ಬಿಡಲಿಲ್ಲ. ಆಸ್ಪತ್ರೆಯ ವೈದ್ಯರು ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು. ಮನೆಯಲ್ಲಿ ತಾಯಿಯು ತನ್ನ ಕೆಲಸವನ್ನು ಮಾಡಿದಳು. ಚಾಮುಂಡೇಶ್ವರಿಗೆ ಮಡಿಲು ತುಂಬುವುದಾಗಿಯೂ, ನಂಜನಗೂಡಿನ ನಂಜುಂಡೇಶ್ವರನಿಗೆ ಬೆಲ್ಲದ ತುಲಾಭಾರ ಮಾಡಿಸುವುದಾಗಿಯೂ ಹರಕೆ ಹೊತ್ತಳು. ಹಿಂದಿನ ಮನೆಯ ಕ್ರೈಸ್ತ ದರ್ಜಿಯ ಹೆಂಡತಿಯು ಒಂದು ದಿನ, ‘ಅಕ್ಕಾ, ನಮ್ಮ ಫಿಲೋಮಿನಮ್ಮನನ್ನೂ ಒಂದು ಮಾತು ಕೇಳಿನೋಡಿ’ ಎಂದು ಆಕೆಯನ್ನು ಕರೆದುಕೊಂಡು ಹೋದಳು. ತಾಯಿಯು ಅಲ್ಲಿ ಒಂದು ಮೇಣದಬತ್ತಿ ಹಚ್ಚಿ, ಮಗುವಿಗೆ ಗುಣವಾದರೆ ಮತ್ತೊಂದು ಹಚ್ಚುವೆನೆಂದು ಮಾತು ಕೊಟ್ಟು ಬಂದಳು.

ನನಗಾಗ ಹದಿನೈದು ವರ್ಷ. ಪಾಠಶಾಲೆಯಲ್ಲಿ ಗೀತೆಯ ಕೆಲವು ಅಧ್ಯಾಯಗಳು ಕಂಠಸ್ಥವಾಗಿದ್ದವು. ವಿದ್ಯೆಯು ಅರ್ಧವಾಗಿದ್ದಾಗ ಅಹಂಕಾರವು ಪೂರ್ಣವಾಗಿರುತ್ತದೆ. ತಾಯಿಯು ಚರ್ಚಿಗೆ ಹೋದ ಸಂಗತಿ ತಿಳಿದಾಗ ನಾನು ಎಲ್ಲರ ಎದುರಿಗೆ ಸ್ವಧರ್ಮದ ವಿಷಯವಾದ ಶ್ಲೋಕವನ್ನು ಹೇಳಿ, ಅದರ ಅರ್ಥವನ್ನೂ ವಿವರಿಸಿ, ಆಕೆಯನ್ನು ಆಕ್ಷೇಪಿಸಿದೆನು. ಮಗನು ಶಾಸ್ತ್ರ ಓದಿದವನೆಂದು ಹೆಮ್ಮೆಪಡುತ್ತಿದ್ದ ಆಕೆಯು ಮರುಮಾತಾಡದೆ ಒಳಗೆ ಹೋದಳು. ತಂಗಿಗೆ ಗುಣವಾಯಿತು. ಬೆಟ್ಟದ ಹರಕೆ ಸಂದಿತು, ನಂಜನಗೂಡಿನದೂ ಸಂದಿತು. ಮೇಣದಬತ್ತಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ನಲವತ್ತೈದು ವರ್ಷಗಳು ಕಳೆದವು. ತಂದೆಯವರು ತೀರಿಕೊಂಡರು, ವಠಾರವು ಕೈಬದಲಾಯಿತು, ನಾವು ಊರಿನ ಇನ್ನೊಂದು ಬಡಾವಣೆಗೆ ಬಂದೆವು. ಈಗ ಎಂಬತ್ತೆರಡು ವರ್ಷದ ತಾಯಿಯು ಒಂದು ದಿನ ಕಾಫಿ ಕುಡಿದು ಲೋಟವನ್ನು ಕೆಳಗಿಡುತ್ತ, ‘ಮಗು, ನಾನು ಇನ್ನೆಷ್ಟು ದಿನವೋ. ಎಲ್ಲ ಸಾಲವೂ ತೀರಿದೆ, ಒಂದು ಬತ್ತಿಯ ಸಾಲ ಉಳಿದಿದೆ. ನಿನಗೆ ಬೇಸರವಿಲ್ಲದಿದ್ದರೆ ಕರೆದುಕೊಂಡು ಹೋಗು’ ಎಂದಳು. ಯಾವ ಸಾಲವೆಂದು ನಾನು ಕೇಳಲಿಲ್ಲ. ಆ ದಿನ ನಾನು ಹೇಳಿದ ಶ್ಲೋಕವು ಅಷ್ಟು ವರ್ಷ ಆಕೆಯ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತೆಂದು ಆಗ ತಿಳಿಯಿತು.

ಹೀಗೆ ಕಳೆದ ಶ್ರಾವಣದ ಒಂದು ಬೆಳಗ್ಗೆ ನಾವಿಬ್ಬರೂ ಆಟೋರಿಕ್ಷಾದಲ್ಲಿ ಹೊರಟೆವು. ತಾಯಿಯ ಇಚ್ಛೆಯಂತೆ ಮೊದಲು ಮಂಡಿ ಮೊಹಲ್ಲಾವನ್ನು ಸುತ್ತಿದೆವು. ಗಾಡಿಯೆತ್ತುಗಳಿದ್ದ ಕಡೆ ಈಗ ಲಾರಿಗಳು; ನಮ್ಮ ವಠಾರವಿದ್ದ ಕಡೆ ಮೂರಂತಸ್ತಿನ ಅಂಗಡಿಯ ಸಾಲು. ಮೆಣಸಿನಕಾಯಿಯ ಘಾಟೊಂದು ಮಾತ್ರ ಹಳೆಯ ನೆಂಟನಂತೆ ಬಂದು ಮೂಗನ್ನು ಮುಟ್ಟಿತು. ಅಲ್ಲಿಂದ ಅಶೋಕ ರಸ್ತೆಗೆ ತಿರುಗಿದರೆ ಅಂಗಡಿಗಳ ತಲೆಯ ಮೇಲಿಂದ ಆ ಎರಡು ಗೋಪುರಗಳು ಕಾಣತೊಡಗುವವು.

ಈ ದೇವಾಲಯದ ಪೂರ್ವೋತ್ತರವನ್ನು ಇಲ್ಲಿಯೇ ಸಂಗ್ರಹವಾಗಿ ಹೇಳುವೆನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ರಾಜಧಾನಿಯು ಮೈಸೂರಿಗೆ ಬಂದ ಮೇಲೆ ಇಲ್ಲಿ ಕ್ರೈಸ್ತರ ವಸತಿಯು ಬೆಳೆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1843ರಲ್ಲಿ ಇದೇ ಸ್ಥಳದಲ್ಲಿ ಅವರಿಗೊಂದು ಚರ್ಚನ್ನು ಕಟ್ಟಿಸಿಕೊಟ್ಟರು. ಅದಕ್ಕೆ ಸಂಬಂಧಿಸಿದ ಶಾಸನದ ತಾತ್ಪರ್ಯವನ್ನು ಓದಿದಾಗ ನನ್ನಂಥವನಿಗೆ ಪರಿಚಿತವಾದ ಧ್ವನಿಯೇ ಕೇಳಿಸುತ್ತದೆ: ಲೋಕಗಳನ್ನೆಲ್ಲ ಸೃಷ್ಟಿಸಿ, ರಕ್ಷಿಸಿ, ಆಳುವ ಒಬ್ಬನೇ ದೇವರ ಹೆಸರಿನಲ್ಲಿ, ಏಸುಕ್ರಿಸ್ತನು ಮನುಷ್ಯನಾಗಿ ಬಂದು 1843 ವರ್ಷಗಳು ಸಂದಾಗ ಈ ಆಲಯವು ನಿರ್ಮಿತವಾಯಿತೆಂಬುದು ಅದರ ಸಾರ. ಚಾಮುಂಡಿಯ ಪರಮಭಕ್ತನಾದ ಅರಸನು ಅನ್ಯರ ದೇವರಿಗೆ ಮನೆ ಕಟ್ಟಿಸುವಾಗಲೂ ದೇವರು ಒಬ್ಬನೇ ಎಂಬ ಮಾತಿನಿಂದ ಆರಂಭವಾಯಿತು.

ಈಗಿನ ಕಟ್ಟಡದ ಕಥೆಯು ಒಂದು ಅಸ್ಥಿಯ ತುಣುಕಿನಿಂದ ಮೊದಲಾಗುತ್ತದೆ. ಮಹಾರಾಜರ ಹುಜೂರ್ ಸೆಕ್ರೆಟರಿಗಳಾಗಿದ್ದ ತಂಬೂ ಚೆಟ್ಟಿಯವರು 1926ರಲ್ಲಿ ಪೋಪರ ಪ್ರತಿನಿಧಿಗಳಾದ ಪೀಟರ್ ಪಿಸಾನಿಯವರಿಂದ ಸಂತ ಫಿಲೋಮಿನಾಳ ಪವಿತ್ರಾವಶೇಷವನ್ನು ಪಡೆದು ಇಲ್ಲಿನ ಪಾದ್ರಿಗಳಾದ ಕೋಶೆಯವರಿಗೆ ಒಪ್ಪಿಸಿದರು. ಅವರು ಸಂತಳ ಹೆಸರಿನಲ್ಲಿ ದೊಡ್ಡದೊಂದು ದೇವಾಲಯವನ್ನು ಕಟ್ಟಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರ ನೆರವನ್ನು ಬೇಡಿದರು. 1933ನೆಯ ಅಕ್ಟೋಬರ್ 28ರಂದು ಮಹಾರಾಜರೇ ಅಸ್ತಿಭಾರದ ಕಲ್ಲನ್ನಿಟ್ಟರು. ಈ ಆಲಯವು ದೇವರ ಕರುಣೆ, ಮನುಷ್ಯರ ಕೃತಜ್ಞತೆ ಎಂಬ ಎರಡು ತಳಹದಿಗಳ ಮೇಲೆ ಭದ್ರವಾಗಿ ನಿಲ್ಲುವುದೆಂಬ ಅಭಿಪ್ರಾಯವನ್ನು ಅವರು ಅಂದಿನ ಭಾಷಣದಲ್ಲಿ ಸೂಚಿಸಿದರು. ನಕ್ಷೆಯನ್ನು ರಚಿಸಿದವನು ಡಾಲಿ ಎಂಬ ಫ್ರೆಂಚ್ ಶಿಲ್ಪಿ. ಕೆಲಸವು ಹಲವು ವರ್ಷ ನಡೆದು ರೆನೆ ಫ್ಯೂಗಾ ಅವರ ಮೇಲ್ವಿಚಾರಣೆಯಲ್ಲಿ ಪೂರ್ಣವಾಯಿತು. 1940ರಲ್ಲಿ ಬೆಂಗಳೂರೂ ಮೈಸೂರೂ ಬೇರೆ ಬೇರೆ ಧರ್ಮಪ್ರಾಂತ್ಯಗಳಾದವು. ಅಸ್ತಿಭಾರವಿಟ್ಟ ಮಹಾರಾಜರು ಅದೇ ವರ್ಷ ಆಗಸ್ಟ್ 3ರಂದು ದಿವಂಗತರಾದರು.

ಇದನ್ನು ಬರಿಯ ಚರ್ಚೆನ್ನದೆ ಪ್ರಧಾನಾಲಯವೆಂದು ನಮ್ಮ ಕ್ರೈಸ್ತ ಬಾಂಧವರು ಕರೆಯುವುದೇಕೆಂದು ವಾಚಕರು ಕೇಳಬಹುದು. ಧರ್ಮಾಧ್ಯಕ್ಷರ, ಎಂದರೆ ಬಿಷಪ್ಪರ, ಪೀಠವು ಎಲ್ಲಿರುವುದೋ ಅದೇ ಪ್ರಧಾನಾಲಯ. ಇಂಗ್ಲಿಷಿನ ಕ್ಯಾಥೀಡ್ರಲ್ ಎಂಬ ಮಾತಿಗೂ ಗ್ರೀಕ್ ಭಾಷೆಯ ಆಸನವಾಚಕವಾದ ಶಬ್ದವೇ ಮೂಲ. ಮಠಕ್ಕೆ ಪೀಠದಿಂದ ಗೌರವ ಬರುವುದೆಂದು ತಿಳಿದ ನಮಗೆ ಇದು ಹೊಸ ಕಲ್ಪನೆಯೇನಲ್ಲ. ಕಾಗದ ಪತ್ರಗಳಲ್ಲಿ ಸಂತ ಜೋಸೆಫರ ಹೆಸರೂ ಸೇರಿದೆ. ಊರಿನ ಬಾಯಲ್ಲಿ ಮಾತ್ರ ಇದು ಫಿಲೋಮಿನಾ ಚರ್ಚು.

ಆವರಣವನ್ನು ಹೊಕ್ಕು ತಲೆಯೆತ್ತಿದರೆ 175 ಅಡಿ ಎತ್ತರದ ಅವಳಿ ಗೋಪುರಗಳು. ಜರ್ಮನಿಯ ಕೊಲೋನ್ ನಗರದ ಪ್ರಧಾನಾಲಯವು ಇದಕ್ಕೆ ಮಾದರಿಯೆಂದು ಹೇಳುವರು. ಆ ಮೂಲವು ಇದರ ಮೂರರಷ್ಟು ಎತ್ತರ. 1248ರಲ್ಲಿ ಅಸ್ತಿಭಾರ ಬಿದ್ದ ಅದು ನಡುವೆ ಶತಮಾನಗಳ ಕಾಲ ನಿಂತುಹೋಗಿ 1880ರಲ್ಲಿ ಮುಗಿಯಿತು. ಆರುನೂರು ವರ್ಷಗಳಿಗೆ ಮೀರಿ ಒಂದು ಊರಿನ ಜನ ತಾತನ ಕನಸನ್ನು ಮೊಮ್ಮಗನ ಕೈಗೆ ಒಪ್ಪಿಸುತ್ತ ಬಂದ ಕಟ್ಟಡದ ಕಿರಿಯ ಸೋದರಿ ನಮ್ಮ ಅಶೋಕ ರಸ್ತೆಯಲ್ಲಿ ನಿಂತಿರುವಳು.

ಈ ಗಾಥಿಕ್ ಶೈಲಿಯ ಮರ್ಮವಿರುವುದು ಚೂಪಾದ ಕಮಾನಿನಲ್ಲಿ. ಅರ್ಧಚಂದ್ರಾಕಾರದ ಕಮಾನು ತನ್ನ ಮೇಲಿನ ಭಾರವನ್ನು ಪಕ್ಕಕ್ಕೆ ಬಲವಾಗಿ ತಳ್ಳುತ್ತದೆ. ಅದನ್ನು ತಡೆಯಲು ಗೋಡೆ ದಪ್ಪವಾಗಬೇಕು. ಎರಡು ಅಂಗೈಗಳನ್ನು ಜೋಡಿಸಿ ಬೆರಳುಗಳನ್ನು ಮೇಲೆತ್ತಿದಂತೆ ಕಮಾನನ್ನು ಚೂಪುಮಾಡಿದರೆ ಭಾರದ ಹೆಚ್ಚಿನ ಪಾಲು ನೇರವಾಗಿ ಕಂಬಗಳಿಗೆ ಇಳಿಯುತ್ತದೆ. ಗೋಡೆಯ ಹೊರೆ ಕಡಿಮೆಯಾದಷ್ಟೂ ಅದರಲ್ಲಿ ದೊಡ್ಡ ದೊಡ್ಡ ಕಿಟಕಿಗಳನ್ನು ತೆರೆಯಬಹುದು. ಕೈಮುಗಿದಂತೆ ಕಾಣುವ ಆ ಆಕೃತಿಯು ಭಕ್ತಿಗೂ ಗಣಿತಕ್ಕೂ ಏಕಕಾಲದಲ್ಲಿ ಒಪ್ಪಿತು.

ಬಾಗಿಲಲ್ಲಿ ತಾಯಿಯು ಯಾರೂ ಹೇಳದೆಯೇ ಚಪ್ಪಲಿಯನ್ನು ಬಿಟ್ಟು, ಬಗ್ಗಿ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಕೆಯ ತೋಳು ಹಿಡಿದು ನಾನೂ ಒಳಗೆ ಕಾಲಿಟ್ಟೆನು. ಆಲಯದ ತಳವಿನ್ಯಾಸವು ಶಿಲುಬೆಯ ಆಕಾರದ್ದು. ಉದ್ದವಾದ ಭಾಗದಲ್ಲಿ ಎಂಟುನೂರು ಜನರು ಕೂಡಬಹುದು, ಎರಡು ಪಕ್ಕದ ತೋಳುಗಳು ಶಿಲುಬೆಯ ಅಡ್ಡಪಟ್ಟಿ, ಅದರಾಚೆಗೆ ಬಲಿಪೀಠ. ಕಿಟಕಿಗಳ ಬಣ್ಣದ ಗಾಜುಗಳಲ್ಲಿ ಏಸುವಿನ ಜನನ, ಶಿಷ್ಯರೊಡನೆ ಕೊನೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ, ಸ್ವರ್ಗಾರೋಹಣಗಳು ಚಿತ್ರಿತವಾಗಿವೆ. ಓದು ಬಾರದವರಿಗೆ ಬೆಳಕಿನಿಂದ ಬರೆದ ಪುರಾಣವಿದು. ಮೋಡ ಸರಿದು ಬಿಸಿಲು ಬಂದಾಗ ನೀಲಿ ಕೆಂಪುಗಳ ಮಬ್ಬಾದ ಛಾಯೆಯು ತಾಯಿಯ ಬಿಳಿಯ ತಲೆಯ ಮೇಲೆ ಬಿದ್ದು ಮೆಲ್ಲನೆ ಸರಿಯಿತು.

ನಮ್ಮ ದೇವಾಲಯಗಳಿಗೂ ಇದಕ್ಕೂ ಇರುವ ಒಂದು ವ್ಯತ್ಯಾಸವು ಅಲ್ಲಿ ನನಗೆ ಹೊಳೆಯಿತು. ಸೋಮನಾಥಪುರದಲ್ಲಿ ನವರಂಗವನ್ನು ದಾಟಿ ಗರ್ಭಗುಡಿಯ ಕಡೆಗೆ ನಡೆದಂತೆ ಬೆಳಕು ಕಡಿಮೆಯಾಗುತ್ತ ಹೋಗುವುದು. ಇಲ್ಲಿ ನಡೆದಷ್ಟೂ ಎತ್ತರ, ನಡೆದಷ್ಟೂ ಬೆಳಕು. ಅಲ್ಲಿ ದೇವರು ಗುಹೆಯೊಳಗಿನ ಗುಟ್ಟು, ಇಲ್ಲಿ ಮುಗಿಲಿನ ಕಡೆಗೆ ಎತ್ತಿದ ಕಣ್ಣು. ಆದರೆ ಬಲಿಪೀಠದ ಕೆಳಗಿನ ನೆಲಮಾಳಿಗೆಯನ್ನು ಕಂಡ ಮೇಲೆ ಆ ಮಾತನ್ನೂ ಅರ್ಧ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

‘ಮೆಟ್ಟಲಿಳಿಯುವುದು ನನ್ನಿಂದಾಗದು. ನೀನು ಹೋಗಿ ನೋಡಿಕೊಂಡು ಬಂದು ನನಗೆ ಹೇಳು’ ಎಂದು ತಾಯಿಯು ಬೆಂಚಿನ ಮೇಲೆ ಕುಳಿತಳು. ನಾನು ಕಿರಿದಾದ ಮೆಟ್ಟಲುಗಳನ್ನಿಳಿದೆನು. ಎತ್ತರವೆಲ್ಲ ಮಾಯವಾಗಿ ತಲೆಯ ಮೇಲೆ ತಗ್ಗಾದ ಮಾಡು, ಮಸುಕಾದ ಬೆಳಕು, ಪಿಸುಮಾತು. ಅಲ್ಲಿ ಮಲಗಿದ ಭಂಗಿಯಲ್ಲಿ ಸಂತ ಫಿಲೋಮಿನಾಳ ಪ್ರತಿಮೆಯಿದೆ. ನನಗೆ ಚಿರಪರಿಚಿತವಾದ ಗರ್ಭಗುಡಿಯು ಇಲ್ಲಿ ನೆಲದ ಕೆಳಗೆ ಅಡಗಿತ್ತು. ನನ್ನ ಮುಂದೆ ನಿಂತಿದ್ದವರಲ್ಲಿ ಕುಂಕುಮವಿಟ್ಟ ಹೆಣ್ಣುಮಗಳೊಬ್ಬಳು, ಬುರ್ಖಾ ಧರಿಸಿದ ತಾಯಿಯೊಬ್ಬಳು, ಕೊರಳಲ್ಲಿ ಜಪಸರವಿದ್ದ ಮುದುಕನೊಬ್ಬನು. ಮೂವರ ಮುಖದಲ್ಲಿಯೂ ಒಂದೇ ಬಗೆಯ ಕಳವಳ. 1980ರಲ್ಲಿ ನನ್ನ ತಾಯಿಯ ಮುಖವೂ ಹೀಗೆಯೇ ಇದ್ದಿರಬೇಕು. ಅದನ್ನು ಅಂದು ನೋಡುವ ಬದಲು ನಾನು ಶ್ಲೋಕವನ್ನು ಹೇಳಿದ್ದೆನು.

ಈ ಸಂತಳ ಚರಿತ್ರೆಯು ವಿಚಿತ್ರವಾದುದು. ರೋಮಿನ ಪ್ರಿಸಿಲ್ಲಾ ಎಂಬ ಭೂಗತ ಶ್ಮಶಾನದಲ್ಲಿ 1802ನೆಯ ಮೇ ತಿಂಗಳಲ್ಲಿ ಒಂದು ಗೋರಿಯು ದೊರೆಯಿತು. ಅದನ್ನು ಮುಚ್ಚಿದ್ದ ಮೂರು ಹೆಂಚುಗಳ ಮೇಲೆ ಲಂಗರು, ಬಾಣ ಮೊದಲಾದ ಚಿಹ್ನೆಗಳೂ ಲ್ಯಾಟಿನ್ ಅಕ್ಷರಗಳೂ ಇದ್ದವು. ಇದ್ದ ಕ್ರಮದಲ್ಲಿ ಓದಿದರೆ ‘ಲುಮೇನಾ, ಪಾಕ್ಸ್ ತೇ, ಕುಮ್ ಫಿ’ ಎಂದು ಅರ್ಥವಿಲ್ಲದ ಮಾತು. ಮೊದಲ ಹೆಂಚನ್ನು ಕೊನೆಗೆ ಇಟ್ಟರೆ ‘ಪಾಕ್ಸ್ ತೇಕುಮ್, ಫಿಲುಮೇನಾ’ ಎಂದಾಗುವುದು. ಫಿಲುಮೇನಾ, ನಿನಗೆ ಶಾಂತಿಯಿರಲಿ ಎಂದು ಅದರ ಅರ್ಥ. ಜೀವಮಾನವೆಲ್ಲ ಮಕ್ಕಳಿಗೆ ಶ್ಲೋಕಗಳ ಅನ್ವಯವನ್ನು ಹೇಳಿಕೊಟ್ಟ ನನಗೆ ಇದನ್ನೋದಿ ಮುಗುಳುನಗೆ ಬಂದಿತ್ತು. ಒಬ್ಬ ಸಂತಳ ಹೆಸರೇ ಅನ್ವಯದಿಂದ ದೊರೆತಿದೆ.

ಗೋರಿಯಲ್ಲಿದ್ದ ಅಸ್ಥಿಗಳು ಸುಮಾರು ಹದಿಮೂರು ವರ್ಷದ ಬಾಲೆಯವೆಂದು ಎಣಿಸಿದರು. 1805ರಲ್ಲಿ ಅವನ್ನು ನೇಪಲ್ಸಿನ ಬಳಿಯ ಮುನ್ಯಾನೋ ಎಂಬ ಊರಿಗೆ ಒಯ್ದರು. ಅಲ್ಲಿಂದ ರೋಗಪರಿಹಾರದ ಸುದ್ದಿಗಳು ಹರಡಿ, 1837ರಲ್ಲಿ ಪೋಪರು ಆಕೆಯ ಆರಾಧನೆಗೆ ಅನುಮತಿಯನ್ನಿತ್ತರು. ರೋಮಿನ ಚಕ್ರವರ್ತಿಯನ್ನು ವರಿಸಲೊಪ್ಪದೆ ಪ್ರಾಣಬಿಟ್ಟ ರಾಜಕುಮಾರಿಯೆಂದು ಭಕ್ತರು ಹೇಳುವ ಕಥೆಯು ಒಬ್ಬ ಸನ್ಯಾಸಿನಿಗೆ ಉಂಟಾದ ದರ್ಶನದಿಂದ ಬಂದುದು. ಹೆಂಚುಗಳು ಇನ್ನಾವುದೋ ಹಳೆಯ ಗೋರಿಯಿಂದ ತೆಗೆದು ಮತ್ತೆ ಬಳಸಿದವು ಎಂದು ಪುರಾತತ್ತ್ವಜ್ಞರಲ್ಲಿ ಕೆಲವರು ವಾದಿಸಿದರು. ಕೊನೆಗೆ 1961ರಲ್ಲಿ ರೋಮಿನ ಧರ್ಮಸಭೆಯು ಆಕೆಯ ಹೆಸರನ್ನು ಪೂಜಾಪಂಚಾಂಗದಿಂದ ತೆಗೆಸಿತು. ಆದರೂ ಭಕ್ತರು ಆಗಸ್ಟ್ 11ನ್ನು ಆಕೆಯ ದಿನವೆಂದು ಮರೆತಿಲ್ಲ. ಮೈಸೂರಿನ ಈ ಮೆಟ್ಟಲುಗಳ ಮೇಲೆ ಕಾಲಸಪ್ಪಳವೂ ನಿಂತಿಲ್ಲ.

ಮೇಲೆ ಬಂದು ತಾಯಿಯ ಪಕ್ಕದಲ್ಲಿ ಕುಳಿತು, ಕಂಡದ್ದನ್ನೂ ಓದಿದ್ದನ್ನೂ ಮೆಲುದನಿಯಲ್ಲಿ ಹೇಳಿದೆನು. ಪಂಚಾಂಗದಿಂದ ಹೆಸರು ಬಿಟ್ಟುಹೋದುದನ್ನೂ ಮುಚ್ಚಿಡಲಿಲ್ಲ. ಮೇಷ್ಟರ ಅಭ್ಯಾಸವು ಸುಲಭವಾಗಿ ಬಿಡುವುದಿಲ್ಲ. ಎಲ್ಲವನ್ನೂ ಕೇಳಿ ಆಕೆಯು, ‘ಅವಳು ಇದ್ದಳೋ ಇಲ್ಲವೋ ನನಗೇನು ಗೊತ್ತು ಮಗು? ನಾನು ಮಾತು ಕೊಟ್ಟದ್ದು ನಿಜವಷ್ಟೆ’ ಎಂದಳು.

ನಲವತ್ತೈದು ವರ್ಷ ಓದಿಯೂ ಓದಿಸಿಯೂ ನನಗೆ ಸಿಕ್ಕದ ಅನ್ವಯವು ಆ ಒಂದು ಮಾತಿನಲ್ಲಿತ್ತು. ಆಲಯದ ಎರಡು ತಳಹದಿಗಳಲ್ಲಿ ದೇವರ ಕರುಣೆಯನ್ನು ಅಳೆಯಲು ನನ್ನಲ್ಲಿ ಅಳತೆಗೋಲಿಲ್ಲ. ಮನುಷ್ಯರ ಕೃತಜ್ಞತೆಯು ಮಾತ್ರ ನನ್ನ ಪಕ್ಕದಲ್ಲಿ ಕುಳಿತಿತ್ತು. ನಾನು ಅಂದು ತಾಯಿಗೆ ಹೇಳಿದ ಶ್ಲೋಕವಿರುವ ಅದೇ ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ, ಶ್ರದ್ಧೆಯಿಂದ ಅನ್ಯದೇವತೆಗಳನ್ನು ಪೂಜಿಸುವವರು ಪೂಜಿಸುವುದೂ ತನ್ನನ್ನೇ ಎಂದು ಭಗವಂತನು ಹೇಳಿರುವನು. ಅದು ಹದಿನೈದನೆಯ ವಯಸ್ಸಿನಲ್ಲಿಯೂ ನನಗೆ ಬಾಯಿಗೆ ಬರುತ್ತಿತ್ತು. ಬಾಯಿಂದ ಮನಸ್ಸಿಗೆ ಇಳಿಯಲು ಇಷ್ಟು ಕಾಲ ಬೇಕಾಯಿತು. ‘ಅಮ್ಮಾ, ಅಂದು ನಾನು ಆಡಿದ್ದು ತಪ್ಪು’ ಎಂದೆನು. ‘ಅಂದು ನೀನು ಚಿಕ್ಕವನು’ ಎಂದು ಆಕೆಯು ನನ್ನ ಕೈಯನ್ನು ಅದುಮಿದಳು.

ಹೊರಗೆ ಬಂದು ಮೇಣದಬತ್ತಿಯನ್ನು ಕೊಂಡೆವು. ಒಂದು ಸಾಕೆಂದು ನಾನು ತಿಳಿದಿದ್ದರೆ ಆಕೆಯು ಎರಡನ್ನು ತೆಗೆದುಕೊಂಡಳು. ‘ಒಂದು ನಿನ್ನ ತಂಗಿಯದು. ಇನ್ನೊಂದು ಹಿಂದಿನ ಮನೆಯಾಕೆಯದು. ನನ್ನ ಕೈ ಹಿಡಿದು ಕರೆತಂದವಳು ಅವಳಲ್ಲವೆ? ಈಗ ಎಲ್ಲಿರುವಳೋ.’ ಶ್ರಾವಣದ ಗಾಳಿಯು ಬಲವಾಗಿತ್ತು. ನಡುಗುವ ಬೆರಳುಗಳಿಂದ ಆಕೆಯು ಹಚ್ಚಿದ ಬತ್ತಿಯು ಎರಡು ಸಲ ಆರಿತು. ಮೂರನೆಯ ಸಲ ನಾನು ಎರಡು ಅಂಗೈಗಳನ್ನೂ ಸುತ್ತ ಮರೆಯಾಗಿ ಹಿಡಿದೆನು. ದೀಪವು ನಿಂತಿತು.

ವಾಚಕ ಮಹಾಶಯರು ಚಾಮುಂಡಿಯ ಬೆಟ್ಟವನ್ನೇರಿದಾಗ ಮೈಸೂರಿನ ಕಡೆಗೆ ತಿರುಗಿ ನೋಡಲಿ. ಅರಮನೆಯ ಗುಮ್ಮಟಗಳಾಚೆಗೆ, ಹಸುರಿನ ನಡುವೆ, ಎರಡು ಮೊನೆಗಳು ಕಾಣುವುವು. ಅಷ್ಟು ದೂರಕ್ಕೆ ಅವು ಜೋಡಿಸಿದ ಕೈಗಳ ತುದಿಬೆರಳುಗಳಂತೆ ತೋರುವುವು. ಆ ಕಡೆಯಿಂದ ಸಂಜೆಯ ಗಂಟೆಯು ಬೆಟ್ಟದವರೆಗೆ ಕೇಳಿಸದು. ಆದರೆ ಈಗ ಮುಚ್ಚಂಜೆಯಲ್ಲಿ ನಮ್ಮ ಮನೆಯ ದೀಪ ಹಚ್ಚುವಾಗ ನನ್ನ ಕಿವಿಗೆ ಅದು ಕೇಳಿಸುತ್ತದೆ.